ನಿನ್ನ ನಡುಗುವ ಪೆಟ್ಟಿಗೆ ಯಾರಿಗೆ?

ತಮ್ಮಾ ಶಂಕರಾ,

ಬರೆಯುವುದು ನನ್ನ ಕೆಲಸವಲ್ಲ, ನಿನಗೆ ಗೊತ್ತು. ನಾಲ್ಕನೇ ಇಯತ್ತೆಗೆ ಶಾಲೆ ಬಿಡಿಸಿ ಒಲೆಯ ಮುಂದೆ ಕೂರಿಸಿದರು. ಅಂದಿನಿಂದ ಈ ಕೈಗೆ ಹತ್ತಿದ್ದು ಜೋಳದ ಹಿಟ್ಟು, ಪೆನ್ನಲ್ಲ. ಆದರೂ ಇವತ್ತು ಮಧ್ಯಾಹ್ನದ ಊಟದವರನ್ನೆಲ್ಲ ಕಳಿಸಿ, ಬೆನ್ನು ನೆಲಕ್ಕೆ ಹಚ್ಚಬೇಕಾದ ಹೊತ್ತಿನಲ್ಲಿ, ಖಾನಾವಳಿಯ ಮೂಲೆಯ ಮೇಜಿಗೆ ಕಾಗದ ಹಾಸಿಕೊಂಡು ಕೂತಿದ್ದೇನೆ. ಯಾರ ದೆಸೆಯಿಂದ? ನಿನ್ನ ಮಗಳು ವಾಣಿಯ ದೆಸೆಯಿಂದ, ಮತ್ತೆ ನಿನ್ನ ಆ ಜೀವದ ಗೆಳೆಯ ಬಶೀರನ ದೆಸೆಯಿಂದ. "ಅತ್ತಿ, ನೀವ ತೀರ್ಮಾನ ಮಾಡ್ರಿ" ಎಂದು ಅವಳು. "ಅಕ್ಕಾರ, ನೀವು ಹೇಳಿದ್ದ ಆಖೈರು" ಎಂದು ಅವನು. "ಅವನ ಪೆಟ್ಟಿಗಿ, ಅವನ್ನ ಕೇಳ್ರಿ, ನನ್ನ ತಲಿ ಯಾಕ ತಿಂತೀರಿ?" ಅಂದೆ. "ಹಂಗಾರ ನೀವ ಬರದು ಕೇಳ್ರಿ" ಅಂತ ನಿನ್ನ ಮಗಳು ಪೆನ್ನು ಕೈಗೆ ತುರುಕಿ ಹೋದಳು. ಸತ್ತವನಿಗೆ ಕಾಗದ ಬರೆಯುವುದೊಂದು ಬಾಕಿ ಇತ್ತು ನನಗೆ.

ಆ ಪೆಟ್ಟಿಗೆ, ಗಿಟಾರಿನ ಸದ್ದು ದೊಡ್ಡದು ಮಾಡುವ ನಿನ್ನ ಆಂಪ್ಲಿಫೈಯರ್, ಮನೆಗೆ ಬಂದ ದಿನ ನೆನಪಿದೆಯೇ? ನೀನೂ ಬಶೀರನೂ ಗಿಟಾರ್ ನುಡಿಸುತ್ತಿದ್ದ ಬೇಗಂಪೇಟೆಯ ಹೋಟೆಲಿನವರು ಸಂಜೆಯ ಬ್ಯಾಂಡು ನಿಲ್ಲಿಸಿ ಹಳೆಯ ಸಾಮಾನು ಹೊರಗೆ ಹಾಕಿದಾಗ, ನೀನು ಅದನ್ನು ಹೊಸ ಮದುವಣಗಿತ್ತಿಯ ಹಾಗೆ ಆಟೋದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಕಾಚಿಗೂಡದ ನಮ್ಮ ಖಾನಾವಳಿಗೆ ತಂದೆ. ಕರಿ ಚರ್ಮದ ಮೈ, ಮುಂದೆ ಬೆಳ್ಳಿ ಎಳೆಯ ಬಟ್ಟೆ, ಹಿಂದೆ ಹಳೇ ರೇಡಿಯೋದಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವುಗಳು. ಅದಕ್ಕೆ ನಮ್ಮ ಕರೆಂಟು ಒಗ್ಗುವುದಿಲ್ಲವಂತೆ, ಪಕ್ಕದಲ್ಲಿ ಕರೆಂಟು ಇಳಿಸಿಕೊಡುವ ಇನ್ನೊಂದು ಕಬ್ಬಿಣದ ಪೆಟ್ಟಿಗೆ ಬೇರೆ. ಹಚ್ಚಿದ ಕೂಡಲೇ ಸದ್ದೂ ಬರುವುದಿಲ್ಲ, ದೊಡ್ಡ ಮನುಷ್ಯರ ಹಾಗೆ ಬಿಸಿಯಾಗಲು ಹೊತ್ತು ತೆಗೆದುಕೊಳ್ಳುತ್ತದೆ. ಊಟದವರ ಎರಡು ಕುರ್ಚಿ ತೆಗೆಸಿ ಅದಕ್ಕೆ ಜಾಗ ಮಾಡಿದೆ ನೀನು. ನನ್ನನ್ನು ಒಂದು ಮಾತು ಕೇಳಿದೆಯಾ?

ಮೊದಲ ಸಲ ನುಡಿಸಿದಾಗ ನಾನು ಅಡುಗೆಮನೆಯಿಂದ ಓಡಿ ಬಂದಿದ್ದೆ. "ಏನೋ ಇದು, ಜ್ವರ ಬಂದೋರ ಹಲ್ಲು ಕಡದಂಗ ನಡಗಾಕತ್ತೈತಿ? ಒಯ್ದು ರಿಪೇರಿ ಮಾಡಸು" ಅಂದೆ. ನೀನು ನಕ್ಕು, "ಅಕ್ಕಾ, ನಡಗತೈತಿ ಅಂತನ ತಂದೀನಿ" ಅಂದೆ. ಮುಂದಿನ ಎರಡು ಗುಂಡಿ ತೋರಿಸಿದೆ. ಒಂದು, ಸದ್ದು ಎಷ್ಟು ಬೇಗ ನಡುಗಬೇಕು ಅನ್ನುವುದಕ್ಕೆ. ಇನ್ನೊಂದು, ಎಷ್ಟು ಆಳವಾಗಿ ನಡುಗಬೇಕು ಅನ್ನುವುದಕ್ಕೆ. ಆ ನಡುಕಕ್ಕೆ ವೈಬ್ರಾಟೋ ಅನ್ನುತ್ತಾರೆ ಅಂದೆ. ಒಂದೇ ತಂತಿ ಒಂದೇ ಸಲ ಮೀಟಿ ಕೈ ತೆಗೆದೆ. ಆ ಸ್ವರ ಓಡಿಹೋಗಲಿಲ್ಲ. ನಿಂತಲ್ಲೇ ನಿಂತು, ಗಾಳಿಗೆ ದೀಪದ ಕುಡಿ ಏರಿ ಇಳಿದ ಹಾಗೆ ಉಸಿರಾಡಿತು. ಚೆನ್ನಾಗಿದೆ ಅಂತ ನಾನು ಅವತ್ತು ಹೇಳಲಿಲ್ಲ. ಹೇಳಿದ್ದರೆ ನೀನು ಇನ್ನೆರಡು ಕುರ್ಚಿ ತೆಗೆಸುತ್ತಿದ್ದೆ. ಅದರ ನೆತ್ತಿ ಬಿಸಿ ಇರುತ್ತದೆ ಅಂತ ಗೊತ್ತಾದ ಮೇಲೆ ಮಳೆಗಾಲದಲ್ಲಿ ನಾನು ಅದರ ಮೇಲೆ ಹಪ್ಪಳ ಒಣಗಿಸಿದೆ, ಅಷ್ಟೇ. ನೀನು ಕೂಗಾಡಿದೆ. ಹಪ್ಪಳ ಮಾತ್ರ ಎಲ್ಲರಿಗಿಂತ ಜಾಸ್ತಿ ತಿಂದೆ.

ನಿನ್ನ ಹತ್ತನೇ ದಿನದ್ದು ನಿನಗೆ ಗೊತ್ತಿರಬೇಕು, ನೀನೇ ಮಾಡಿದ ಅವಾಂತರ ಅದು. ನದಿಯ ದಂಡೆಯಲ್ಲಿ ಪಿಂಡ ಇಟ್ಟು ಕಾದೆವು, ಕಾದೆವು. ಕಾಗೆ ಸುಳಿಯಲಿಲ್ಲ. ಈ ಊರಲ್ಲಿ ಪಾರಿವಾಳಕ್ಕೇನು ಬರ? ಹಿಂಡುಗಟ್ಟಿ ಬಂದವು, ನಾನು ಸೆರಗು ಬೀಸಿ ಓಡಿಸಿ ಸುಸ್ತಾದೆ. "ಅವರ ಮನಸ್ಸಿನ್ಯಾಗ ಏನೋ ಉಳದೈತಿ, ಯಾರಾರ ಮಾತು ಕೊಡ್ರಿ" ಅಂದರು ಭಟ್ಟರು. ಈ ಕಡೆಯಿಂದ ವಾಣಿ, "ಅಪ್ಪಾ, ನಿನ್ನ ಆಂಪು ನಾ ನೋಡ್ಕೋತೀನಿ" ಅಂದಳು. ಆ ಕಡೆ ಮರದ ಕೆಳಗೆ ನಿಂತಿದ್ದ ಬಶೀರ, "ದೋಸ್ತಾ, ನಿನ್ನ ಆಂಪು ನಾ ನೋಡ್ಕೋತೀನಿ" ಅಂದ. ಇಬ್ಬರದೂ ಒಂದೇ ಉಸಿರಿಗೆ ಬಂತು. ನೀನು ಝಪ್ಪನೆ ಬಂದು ಪಿಂಡ ಕಚ್ಚಿಕೊಂಡು ಹಾರಿದೆ. ಯಾರ ಮಾತಿಗೆ ಬಂದೆ? ಬದುಕಿದ್ದಾಗಲೂ ನಿನ್ನದು ಇದೇ ಚಾಳಿ. ಯಾರು ಏನು ಕೇಳಿದರೂ "ಹೂಂ, ನಿಂದ" ಅನ್ನುವುದು, ಆಮೇಲೆ ಜಗಳ ಬಿಡಿಸಲು ಅಕ್ಕ. ಒಂದು ಗಳಿಗೆ ತಡೆದು ಬಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಅಂದಿನಿಂದ ಅವರಿಬ್ಬರ ಮಾತು ನಿಂತಿತು. ಹೆತ್ತವಳು ಹೋದ ಮೇಲೆ ಆ ಹುಡುಗಿ ಬೆಳೆದದ್ದು ನನ್ನ ಅಡುಗೆಮನೆಯಲ್ಲಿ, ಬಶೀರನ ಹೆಗಲ ಮೇಲೆ. ಗಿಟಾರಿನ ಮೇಲೆ ಅವಳ ಬೆರಳು ಹಿಡಿದು ಕೂರಿಸಿದವನು ಅವನು, ನೀನಲ್ಲ. ನಿನಗೆ ಅಷ್ಟು ತಾಳ್ಮೆ ಎಲ್ಲಿತ್ತು? ಅಂಥವರು ಒಬ್ಬರ ಮುಖ ಒಬ್ಬರು ನೋಡುವುದು ಬಿಟ್ಟರು. ಪ್ರತಿ ಭಾನುವಾರ ಒಂದೇ ಮೇಜಿಗೆ ಕೂತು ಉಣ್ಣುತ್ತಿದ್ದವರಲ್ಲಿ, ಅವಳು ಭಾನುವಾರ ಬಂದರೆ ಅವನು ಮಂಗಳವಾರ. "ಅಪ್ಪ ನನ್ನ ಮಾತಿಗೇ ಬಂದಾನ, ಮಗಳು ನಾನು" ಅಂತ ಅವಳು. "ದೋಸ್ತ ನನ್ನ ದನಿ ಗುರ್ತು ಹಿಡದಾನ" ಅಂತ ಅವನು. ಇಬ್ಬರಿಗೂ ಅದೇ ಎಣಗಾಯಿ ಬಡಿಸಿ, ಇಬ್ಬರ ದೂರನ್ನೂ ಕೇಳಿ, ಪೆಟ್ಟಿಗೆಯ ಧೂಳು ಒರೆಸುತ್ತ ಕೂರುವುದು ನನ್ನ ಪಾಲಿಗೆ.

ಹೋದ ತಿಂಗಳು ವಾಣಿ ಮಣಿಕೊಂಡದ ತನ್ನ ಮನೆಯಿಂದ ಇನ್ನೊಂದು ಪೆಟ್ಟಿಗೆ ತಂದಳು. ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು ಹತ್ತಿರ ಹೋಗಿ ನೋಡಿದೆ. ಅದೇ ಕರಿ ಮೈ, ಅದೇ ಬೆಳ್ಳಿ ಬಟ್ಟೆ, ಅದೇ ಗುಂಡಿಗಳು. "ನಮ್ಮದನ್ನ ಯಾಕ ಹೊರಗ ಒಯ್ದಿದ್ದಿ?" ಅಂದೆ. "ಇದು ಹೊಸಾದು ಅತ್ತಿ. ಹಳೇವು ಸಿಗಂಗಿಲ್ಲ, ಜನಕ್ಕ ಬೇಕು. ಅದಕ್ಕ ಕಂಪನಿಯವರು ಹಳೇ ನಮೂನೀನ ಮತ್ತ ಮಾಡಾಕತ್ತಾರ" ಅಂದಳು. ಹೊಸ ಸಾಮಾನಿಗೆ ಹಳೇ ವೇಷ ಹಾಕುವ ಕಸುಬೂ ಉಂಟೇ ಶಂಕರಾ? ನನ್ನ ಈ ಹಳೇ ಮುಖಕ್ಕೆ ಯಾರಾದರೂ ಹೊಸ ಮೈ ಮಾಡಿಕೊಟ್ಟಿದ್ದರೆ ಒಪ್ಪಬಹುದಿತ್ತು. ಅವಳ ಲೆಕ್ಕ ಏನೆಂದರೆ, ಹೊಸದು ಬಶೀರ್ ಚಾಚಾನಿಗೆ, ಹಳೆಯದು ತನಗೆ. ನಾನು ಅವನನ್ನು ಕರೆಸಿದೆ. ನೋಡಿದವನೇ, "ನನಗ ಬಂಗಾರದ್ದು ಅಂತ ಗಿಲೀಟಿನ ಬಳಿ ತೊಡಸಾಕತ್ತಿ ಏನ ಬೇಟಾ?" ಅಂದ. ಒಂದು ವರ್ಷದ ಮೇಲೆ ಅವಳೊಂದಿಗೆ ಆಡಿದ ಮೊದಲ ಮಾತು ಅದು.

ಎರಡನ್ನೂ ಅಕ್ಕಪಕ್ಕ ಇಟ್ಟು ನುಡಿಸಿ ನೋಡೋಣ ಅಂದರು. ನೋಡಿದರು. ಹಳೆಯದು ಬಿಸಿಯಾಗುತ್ತಲೇ ಜೇನುಗೂಡಿನ ಹಾಗೆ ಗುಂಯ್ ಅಂದಿತು, ಸುಟ್ಟ ಧೂಳಿನ ವಾಸನೆ ಬಂತು. ಹೊಸದು ಸ್ವಚ್ಛ, ತಕರಾರಿಲ್ಲ. ನುಡಿಸಿದಾಗ ನನಗೆ ಎರಡೂ ಒಂದೇ ಕೇಳಿಸಿದವು. ಹಾಗೆಂದೆ. "ಅತ್ತಿ, ಸುಮ್ನಿರ್ರಿ" ಅಂತ ಅವಳು, "ಅಕ್ಕಾರ, ತೌಬಾ" ಅಂತ ಅವನು, ನನ್ನ ಮೇಲೆ ಏರಿ ಬರಲು ಮಾತ್ರ ಇಬ್ಬರೂ ಒಂದಾದರು. ಆದರೆ ನಿನ್ನ ಆ ನಡುಕ ಯಾವ ಪೆಟ್ಟಿಗೆಯಲ್ಲೂ ಬರಲೊಲ್ಲದು. ವಾಣಿ ತಿರುಗಿಸಿದರೆ ಮಳೆಯಲ್ಲಿ ನೆನೆದ ನಾಯಿಮರಿ ನಡುಗಿದ ಹಾಗೆ. ಬಶೀರ ತಿರುಗಿಸಿದರೆ ನಿದ್ದೆ ಬಂದ ಎಮ್ಮೆ ತಲೆದೂಗಿದ ಹಾಗೆ. ಹಳೆಯದರ ಗುಂಡಿಯ ಅಂಕಿಗಳನ್ನು ನಿನ್ನ ಹೆಬ್ಬೆರಳು ಎಂದೋ ತಿಂದು ಹಾಕಿದೆ. ನಾನು ದಿನಾ ಒರೆಸುವಾಗ ಗುಂಡಿ ತಿರುಗಿ ಹೋಗಿದೆಯಂತೆ, ಅದಕ್ಕೂ ನನ್ನನ್ನೇ ಅಂದರು. ಮತ್ತೇನು, ಜೇಡ ಬಲೆ ಕಟ್ಟಲಿ ಅಂತ ಬಿಡಬೇಕಿತ್ತೇ?

ನನಗೆ ಸಿಟ್ಟು ನೆತ್ತಿಗೇರಿತು. ಊಟದವರು ಬರುವ ಹೊತ್ತು, ರೊಟ್ಟಿ ಒಂದೂ ಆಗಿಲ್ಲ, ಇವರದು ಬೇರೆ ಸಂತೆ. ಒಳಗೆ ಹೋಗಿ ಹಿಟ್ಟು ನಾದಿ ಬಡಿಯಲು ಕೂತೆ. ಸಿಟ್ಟಿಗೆ ಸ್ವಲ್ಪ ಜೋರಾಗಿಯೇ ಬಡಿದೆ. ಹೊರಗೆ ಜಗಳ ನಿಂತಿತು. "ತಡಿ ಬೇಟಾ, ತಡಿ" ಅಂದ ಬಶೀರ. ಆಮೇಲೆ ನನಗೆ ಕೂಗಿದ: "ಅಕ್ಕಾರ, ಕೈ ನಿಲ್ಲಸಬ್ಯಾಡ್ರಿ! ಹಂಗ ಬಡೀರಿ!" ಯಾಕೆ ಅಂದೆ. "ಶಂಕರ ಗುಂಡಿ ನೋಡ್ತಿದ್ದಿಲ್ಲರಿ. ಅಡಗಿಮನಿ ಕಡೆ ಕಿವಿ ಕೊಡ್ತಿದ್ದ. ನಮ್ಮಕ್ಕನ ಕೈ ಸಿಕ್ಕರ ಸಾಕು ಅಂತಿದ್ದ. ಆಗ ಚೇಷ್ಟಿ ಮಾಡ್ತಾನ ಅನ್ಕೊಂಡಿದ್ದೆ."

ವಾಣಿ ಹೊಸ ಪೆಟ್ಟಿಗೆಯ ಗುಂಡಿಯನ್ನು ನನ್ನ ಕೈಯ ಸದ್ದಿಗೆ ತಕ್ಕ ಹಾಗೆ ತಿರುಗಿಸುತ್ತ ಬಂದಳು. ಬಶೀರ ಒಂದು ತಂತಿ ಮೀಟಿದ. ನೀನು ಬಂದೆ ಶಂಕರಾ. ಹೊರಗಿನ ಕೋಣೆಯಲ್ಲಿ, ಕಾಲ ಮೇಲೆ ಕಾಲು ಹಾಕಿಕೊಂಡು, ಚಹಾ ಆರಿಸುತ್ತ ಕೂತೇ ಇದ್ದೆ. ಕೈ ನಿಲ್ಲಿಸಿದರೆ ಎಲ್ಲಿ ಎದ್ದು ಹೋಗುತ್ತೀಯೋ ಅಂತ, ರೊಟ್ಟಿ ತೆಳ್ಳಗಾಗಿ ಹರಿದರೂ ನಾನು ಬಡಿಯುತ್ತಲೇ...

ಇರಲಿ. ನನ್ನ ಪ್ರಶ್ನೆ ಬೇರೆ. ಅಷ್ಟು ವರ್ಷ ನಾನು ರೊಟ್ಟಿಯನ್ನು ಜೋರಾಗಿ ಬಡಿದದ್ದು ಯಾಕೆ ಅಂದುಕೊಂಡಿದ್ದೆ? ನಿನ್ನ ಸದ್ದು ಅಡಗಲಿ ಅಂತ. ನೀನು ಅದಕ್ಕೇ ಪೆಟ್ಟಿಗೆ ಹೊಂದಿಸಿಕೊಂಡು ನುಡಿಸಿದೆ, ಒಂದು ದಿನ ಬಾಯಿ ಬಿಡಲಿಲ್ಲ. ಊರಿಗೆಲ್ಲ ಹೇಳುವವನು ನನಗೆ ಹೇಳಿದ್ದರೆ ಬಾಯಿಯ ಮುತ್ತು ಉದುರುತ್ತಿತ್ತೇ?

ಅವತ್ತು ಇಬ್ಬರೂ ಒಂದೇ ಮೇಜಿಗೆ ಕೂತು ಉಂಡರು. ಹರಿದ ರೊಟ್ಟಿಗೆ ಕಿತ್ತಾಡಿದರು. ತೀರಿತು ಅಂದುಕೊಂಡೆ. ತೀರಲಿಲ್ಲ. ಈಗ ವಾಣಿ ಹೇಳುತ್ತಾಳೆ, "ಚಾಚಾ, ನನಗ ಹೊಸಾದರಾಗೂ ಅಪ್ಪ ಸಿಕ್ಕ. ಹಳೇದು ನೀವ ಒಯ್ರಿ." ಅವನು ಹೇಳುತ್ತಾನೆ, "ನನ್ನ ವಯಸ್ಸಿಗೆ ಅದನ್ನ ಎತ್ತಾಕ ಆಗತೈತೇನು? ಮಗಳ ಮನ್ಯಾಗ ಇರಲಿ." ಮೊದಲು ನನಗೆ, ನನಗೆ ಅಂತ ಜಗಳ. ಈಗ ನಿನಗೆ, ನಿನಗೆ ಅಂತ ಜಗಳ. ನಿನ್ನಿಂದ ಕಲಿತದ್ದಲ್ಲವೇ ಇದು? ಮೊನ್ನೆ ಭಾನುವಾರ ಅದೇ ಮಾತಿಗೆ ಮುನಿಸಿಕೊಂಡು ಬಶೀರ ಮಜ್ಜಿಗೆ ಕುಡಿಯದೆ ಎದ್ದು ಹೋದ. ಇನ್ನೊಂದು ಭಾನುವಾರ ಹೀಗಾದರೆ ಮತ್ತೆ ಅವನು ಮಂಗಳವಾರದವನಾಗುತ್ತಾನೆ. ಅದನ್ನು ಇನ್ನೊಮ್ಮೆ ನೋಡುವ ತಾಕತ್ತು ನನಗಿಲ್ಲ. ಮೇಲಾಗಿ ಈಗ ಖಾನಾವಳಿಯಲ್ಲಿ ಎರಡು ಪೆಟ್ಟಿಗೆ, ನಾಲ್ಕು ಕುರ್ಚಿ ಹೊರಗೆ.

ಕೇಳು. ಬರುವ ಮಹಾಲಯ ಅಮಾವಾಸ್ಯೆಗೆ ಮಾಳಿಗೆಯ ಮೇಲೆ ನಿನಗೆ ಎಡೆ ಇಡುತ್ತೇನೆ. ಎಣಗಾಯಿ, ರೊಟ್ಟಿ, ಹಪ್ಪಳವೂ ಇರುತ್ತದೆ. ಅವರಿಬ್ಬರ ಬಾಯಿ ಮುಚ್ಚಿಸಿ ನಿಲ್ಲಿಸುತ್ತೇನೆ, ಮಾತಾಡುವವಳು ನಾನೊಬ್ಬಳೇ. ಮೊದಲು ವಾಣಿಯ ಹೆಸರು ಹೇಳಿ ಸುಮ್ಮನಿರುತ್ತೇನೆ. ಆಮೇಲೆ ಬಶೀರನ ಹೆಸರು ಹೇಳಿ ಸುಮ್ಮನಿರುತ್ತೇನೆ. ಯಾರ ಹೆಸರಿಗೆ ಬರುತ್ತೀಯೋ ಪೆಟ್ಟಿಗೆ ಅವರ ಮನೆಗೆ. ಪಾರಿವಾಳ ಬಂದರೆ ಒಪ್ಪುವುದಿಲ್ಲ. ಎರಡೂ ಹೆಸರಿಗೆ ಬಾರದೆ ಗೋಡೆಯ ಮೇಲೆ ಕೂತು ನನ್ನ ಮುಖ ನೋಡಿದೆಯೋ, ಮೂರನೇ ಹೆಸರು ಅಂತ ನನ್ನದು ನನ್ನ ಬಾಯಿಂದ ಬರುವುದಿಲ್ಲ, ತಿಳಿದಿರಲಿ. ನನಗೆ ಕುರ್ಚಿಗೆ ಜಾಗ ಬೇಕು.

ಅಮಾವಾಸ್ಯೆಯ ದಿನ, ನಾನು ಊಟದವರ ರೊಟ್ಟಿಗೆ ಒಲೆಯ ಮೇಲೆ ಹಂಚು ಇಡುವುದರೊಳಗೆ ಉತ್ತರ ಬರಬೇಕು.

ನಿನ್ನ ಅಕ್ಕ