ಹರಕೆ ತೀರುವವರೆಗೆ

ಡಿಪೊ ಮ್ಯಾನೇಜರ್ ಸಾಹೇಬರಿಗೆ ನಮಸ್ಕಾರ.

ಬೆಳಗಿನ ಬಸ್ಸು ಇವತ್ತೂ ನಮ್ಮೂರಲ್ಲಿ ನಿಲ್ಲಲಿಲ್ಲ. ಸ್ಟಾಪಿನಲ್ಲಿ ಬರೀ ಹೆಂಗಸರಿದ್ದರೆ, ಫ್ರೀ ಟಿಕೆಟ್ಟಿನವರೆಂದು ನಿಮ್ಮ ಡ್ರೈವರ್ ನೋಡಿಯೂ ನೋಡದಂತೆ ಹೋಗುತ್ತಾನೆ. ತುಂಬು ಬಸುರಿ ಮಗಳನ್ನು ಚನ್ನಪಟ್ಟಣದ ಆಸ್ಪತ್ರೆಗೆ ಕರೆದೊಯ್ಯಲು ನಿಂತಿದ್ದೆ. ಅವಳು ಬಿಸಿಲಲ್ಲಿ ಮೋರಿ ಕಟ್ಟೆಯ ಮೇಲೆ ಕುಸಿದು ಕೂತಳು.

"ಒಂದ್ ಹಿಡಿ ಮಣ್ಣು ತೂರು ಕಣಕ್ಕ, ಅವ್ನ ಮನೆ ಹಾಳಾಗ!" ಎಂದಳು ಪಕ್ಕದ ಮನೆಯ ಗಂಗಲಕ್ಷ್ಮಮ್ಮ. ಮಣ್ಣು ಕೈಗೆತ್ತಿಕೊಂಡೂ ಇದ್ದೆ. ಆದರೆ ಮಗಳ ಹೆರಿಗೆಯಾಗುವವರೆಗೆ ಯಾರಿಗೂ ಶಾಪ ಹಾಕುವುದಿಲ್ಲವೆಂದು ಕಬ್ಬಾಳಮ್ಮನಿಗೆ ಹರಕೆ ಹೊತ್ತಿದ್ದೇನೆ. ತೂರಲಿಲ್ಲ.

ನಾಳೆಯಿಂದ ನಮ್ಮ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ. ಮಗು ಹುಟ್ಟಿದ ಮೇಲೆ ನಾನೇ ಡಿಪೊಗೆ ಬರುತ್ತೇನೆ. ನಿಲ್ಲಿಸಿದ್ದರೆ ಎಲ್ಲರಿಗೂ ಸಿಹಿ ತರುತ್ತೇನೆ. ಇಲ್ಲದಿದ್ದರೆ ಅದೇ ಮಣ್ಣು ತರುತ್ತೇನೆ. ಸೆರಗಿನ ತುದಿಗೆ ಕಟ್ಟಿಟ್ಟುಕೊಂಡಿದ್ದೇನೆ.

ಸದ್ಯಕ್ಕೆ ತಾಳಿಕೊಂಡಿರುವ,
ಕಾವೇರಮ್ಮ