ಖಾಲಿ ಲಾರಿಯ ಹೊಗೆ

ಅರಬೈಲ್ ಘಟ್ಟ,
ಫೆಬ್ರವರಿ ೩೦, ೨೧೮೭

ಇಪ್ಪತ್ತೊಂದನೇ ಶತಮಾನದ ಹಿರಿಯರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ತಿಂಗಳುಗಳನ್ನು ನಾವು ಸರಿಸಮ ಮಾಡಿಕೊಂಡಿದ್ದೇವೆ. ನನ್ನ ಮಾತುಗಳೂ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಯಮುನಾ ಗಾಂವಕರ, ಇಲ್ಲಿಯ ಹೊಗೆಗಾರ್ತಿ. ಎಂದರೆ ಸರಕಿನ ಲಾರಿಗಳು ಉಗುಳುವ ಇಂಗಾಲವನ್ನು ಅಳೆಯುವವಳು. ಪ್ರತಿ ರಸ್ತೆಗೂ ವರ್ಷಕ್ಕಿಷ್ಟೇ ಎಂಬ ಹೊಗೆಮಿತಿ ಇದೆ. ಅದು ಮುಗಿದರೆ ಗೇಟು ಬೀಳುತ್ತದೆ.

ಹನ್ನೊಂದು ವರ್ಷದ ಹಿಂದೆ, ಡಿಸೆಂಬರಿನ ಒಂದು ಬೆಳಿಗ್ಗೆ, ಮೌಲಾಸಾಬ ನದಾಫರ ಲಾರಿ ಹುಬ್ಬಳ್ಳಿಯಿಂದ ಬಂತು. ಅದರಲ್ಲಿದ್ದುದು ಕಾರವಾರದ ಆಸ್ಪತ್ರೆಗೆ ಹೊರಟಿದ್ದ ಡಯಾಲಿಸಿಸ್ ದ್ರಾವಣ. ಒಂಬತ್ತು ಜನ ಅದಕ್ಕಾಗಿ ಕಾಯುತ್ತಿದ್ದರು. ಆದರೆ ಆಗ ಹೊಗೆಯನ್ನು ಮೂವರು ಮೂರು ರೀತಿ ಅಳೆಯುತ್ತಿದ್ದರು. ಬಂದರಿನವರು ಸರಕಿನ ತೂಕದ ಮೇಲೆ, ರಸ್ತೆಯವರು ಕಿಲೋಮೀಟರಿನ ಮೇಲೆ. ಲಾರಿ ಸಂಘದವರಂತೂ ಸರಕು ತುಂಬಿದ ಓಟವನ್ನಷ್ಟೇ ಹಿಡಿಯುತ್ತಿದ್ದರು. ನಾನು ಮೂರನ್ನೂ ಬರೆದಿಡುವವಳಷ್ಟೇ. ಮಿತಿ ದಾಟಿದೆ ಎಂದು ಒಬ್ಬರು, ಇಲ್ಲವೆಂದು ಇಬ್ಬರು. ಮೂವರೂ ಒಪ್ಪದೆ ಗೇಟು ಎತ್ತುವಂತಿರಲಿಲ್ಲ. ಮಧ್ಯಾಹ್ನವಾದರೂ ಫೋನಿನಲ್ಲಿ ಜಗಳ ಮುಗಿಯಲಿಲ್ಲ.

ಮೌಲಾಸಾಬರು ನನ್ನ ಕಿಟಕಿಗೆ ಬಂದು ನಿಂತರು. "ಅಕ್ಕಾರ, ಹೊಗಿ ಒಂದ ಐತಿ, ಲೆಕ್ಕ ಮೂರು ಹೆಂಗಾತ್ರಿ? ನಾ ಖಾಲಿ ಲಾರಿ ಹೊಡ್ಕೊಂಡು ಹೊಳ್ಳಿ ಬರೂದನ್ನ ಯಾರೂ ಹಿಡಿಯೂದಿಲ್ಲ. ಆವಾಗೇನ್ ಗಾಡಿ ಉಸಿರು ಬಿಗಿಹಿಡ್ಕೊಂಡು ಬರ್ತೈತೇನು?"

ನಾಚಿಕೆಯಾಯಿತು. ಲಾರಿ ಸುಟ್ಟ ಡೀಸೆಲನ್ನೇ ಅಳೆದು, ಖಾಲಿ ಮರಳುವ ದಾರಿಯದನ್ನೂ ಕೂಡಿಸಿದೆ. ವರ್ಷದ ಎಲ್ಲ ಲಾರಿಗಳನ್ನೂ ಹಾಗೆ ಹಿಡಿದಾಗ ಮಿತಿ ಆಗಸ್ಟಿನಲ್ಲೇ ದಾಟಿತ್ತು! ನಿಜ ಬರೆದರೆ ಲಾರಿ ನಿಲ್ಲಬೇಕು. ಸುಳ್ಳು ಬರೆದರೆ ನಾನಿಲ್ಲಿ ಕೂತು ಏನು ಪ್ರಯೋಜನ? ನಿಜವನ್ನೇ ಬರೆದು, ಸಹಿ ಹಾಕಿ, ನಾನೇ ಗೇಟು ಎತ್ತಿದೆ.

"ನಿಮ್ಮ ನೌಕ್ರಿ ಹೋಗ್ತೈತ್ರಿ," ಎಂದರು ಮೌಲಾಸಾಬರು.

"ಹೋಗ್ಲಿ. ನೀವು ಮೊದ್ಲು ಹೋಗಿ," ಎಂದೆ.

ಲಾರಿ ಸಂಜೆ ಮುಟ್ಟಿತು. ಎಂಟು ಜನ ಬದುಕಿದರು. ಅಂಕೋಲೆಯಲ್ಲಿ ತರಕಾರಿ ಮಾರುತ್ತಿದ್ದ ಬುಧವಂತಿ ಗೌಡ ಮಾತ್ರ ಮೂರೂವರೆಗೇ ತೀರಿಕೊಂಡಿದ್ದಳು.

ನನ್ನನ್ನು ಕೆಲಸದಿಂದ ತೆಗೆದರು. ವಿಚಾರಣೆಯಲ್ಲಿ ಮೌಲಾಸಾಬರು ತಮ್ಮ ಡೀಸೆಲ್ ಚೀಟಿಗಳನ್ನೆಲ್ಲ ತಂದು ಸಾಕ್ಷಿ ಹೇಳಿದರು. ನಾಲ್ಕು ವರ್ಷದ ಮೇಲೆ ಎಲ್ಲರಿಗೂ ಒಂದೇ ಅಳತೆ ಬಂತು. ಔಷಧದ ಲಾರಿಗೆ ಮೊದಲ ದಾರಿ ಸಿಕ್ಕಿತು. ನನ್ನನ್ನೂ ಮತ್ತೆ ಕರೆದರು. ಆದರೂ ಗೇಟು ಬಿದ್ದ ಸದ್ದಾದರೆ ಇಂದಿಗೂ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಹೋಗಿ ಲಾರಿಯೊಳಗೇನಿದೆ ಎಂದು ಕೇಳುತ್ತೇನೆ.

ನಿಮ್ಮಲ್ಲಿ ಯಾರಾದರೂ ಇಂಥ ಅಳತೆಯ ಸಭೆಯಲ್ಲಿ ಕುಳಿತಿದ್ದರೆ ಒಂದೇ ಬೇಡಿಕೆ. ಮುಂದಿನ ತಿಂಗಳು ನೋಡೋಣ ಎಂದು ಯಾರೋ ಹೇಳುತ್ತಾರೆ, ಉಳಿದವರು ಕಾಗದ ಮಡಚುತ್ತಾರೆ. ಚಹಾ ಆರಿದರೆ ಆರಲಿ, ಒಂದೇ ಅಳತೆಗೆ ಒಪ್ಪದೆ ಏಳಬೇಡಿ.

ನಿಮ್ಮ,
ಯಮುನಾ