ಟೀ ಆರುವ ಮುಂಚೆ

ಶಿಶುಶಾಲೆಯ ಹಿಂದಿನ ಜಗಲಿ,
ಮಾರ್ಚ್ ೧೨, ಮಕ್ಕಳು ಮಲಗಿದ ಹೊತ್ತು

ನನ್ನ ಮುದ್ದಿನ ಅಕ್ಕಾ,

ಹೇಗಿದ್ದೀಯ? ಮೊಣಕಾಲು ನೋವು ಇಳಿಯಿತೇ? ಎಣ್ಣೆ ಹಚ್ಚಿಕೋ ಎಂದರೆ ಭಾವನಿಗೆ ಹಚ್ಚಿ ನೀನು ಸುಮ್ಮನೆ ಕೂರುವವಳು, ನನಗೆ ಗೊತ್ತಿಲ್ಲವೇ! ನಾನು ಚೆನ್ನಾಗಿದ್ದೇನೆ. ಭಾವನ ಬಟ್ಟೆ ಅಂಗಡಿಯ ಗಲ್ಲಾದಲ್ಲಿ ನನಗೆ ಜಾಗ ಹಿಡಿದಿಟ್ಟಿದ್ದೀಯ, ಮುಂದಿನ ತಿಂಗಳು ಬಂದುಬಿಡು ಎಂದು ಬರೆದಿದ್ದೀಯ. ಆ ಮಾತಿಗೆ ಆಮೇಲೆ ಬರುತ್ತೇನೆ, ಮೊದಲು ಇಲ್ಲಿಯ ಕಥೆ ಕೇಳು.

ಹಳೆಯ ಹೆಡ್ ಮೇಡಂ ನೆನಪಿರಬೇಕು, ಗಾಜಿನ ಕೋಣೆಯೊಳಗೆ ಕೂತೇ ನಮ್ಮನ್ನು ಕಾಯುತ್ತಿದ್ದ 'ಗಾಜಿನ ಗೊಂಬೆ'. ಮೂರು ವರ್ಷದ ಮಕ್ಕಳನ್ನು ಒಂದು ಗಳಿಗೆ ಬಿಟ್ಟು ಹೋಗುವಂತಿಲ್ಲ. ಬೆಳಗಿನ ಟೀ ಮಧ್ಯಾಹ್ನಕ್ಕೆ ಕೆನೆಗಟ್ಟಿ ಕೂತಿರುತ್ತಿತ್ತು, ಬಚ್ಚಲಿಗೆ ಹೋಗುವುದಕ್ಕೂ ಹಲ್ಲು ಕಚ್ಚಿಕೊಂಡು ಕಾಯಬೇಕು. ಟೀಚರುಗಳು ಬಂದಷ್ಟೇ ಬೇಗ ಹೋದರು. ಒಬ್ಬರ ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ಇನ್ನೊಬ್ಬರು! ಕೊನೆಗೆ ಮಕ್ಕಳು ಎಲ್ಲರನ್ನೂ 'ಹೊಸ ಮಿಸ್' ಎಂದೇ ಕರೆಯತೊಡಗಿದವು, ಹಳಬಳಾದ ನನ್ನನ್ನೂ.

ಈಗ ಬಂದಿರುವ ಮೇಡಂ ಮೊದಲ ವಾರವೇ ನನ್ನ ಬಾಗಿಲಲ್ಲಿ ನಿಂತು, "ಹೋಗಿ, ಬಿಸಿ ಇರೋವಾಗ್ಲೇ ಟೀ ಕುಡ್ಕೊಂಡ್ ಬನ್ನಿ, ನಾನಿದೀನಿ" ಎಂದು ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತೇಬಿಟ್ಟರು. ತಿರುಗಿ ಬಂದು ನೋಡುತ್ತೇನೆ, ಅವರ ಕನ್ನಡಕ ಒಬ್ಬ ಪೋರನ ಮೂಗಿನ ಮೇಲೆ, ಕೂದಲ ತುಂಬ ಜೇಡಿಮಣ್ಣು! "ಈ ಮಿಸ್ಸಿಗೆ ಹಾಡೇ ಬರಲ್ಲ" ಎಂದು ಮಕ್ಕಳ ದೂರು ಬೇರೆ. ಈಗ ದಿನವೂ ಕೋಣೆಯಿಂದ ಕೋಣೆಗೆ ಬರುತ್ತಾರೆ. ಹಾಡು ಮಾತ್ರ ಇನ್ನೂ ಬಂದಿಲ್ಲ.

ಕಳೆದ ವಾರ ನನ್ನ ಕೋಣೆಯಲ್ಲಿ ಒಂದು ಮಗು ಇನ್ನೊಂದರ ಕೆನ್ನೆ ಕಚ್ಚಿತು. ಕಚ್ಚಿಸಿಕೊಂಡ ಮಗುವಿನ ಅಪ್ಪ ಬಂದು ಕೂಗಾಡಿದರು. ಗಾಜಿನ ಗೊಂಬೆಯಾಗಿದ್ದರೆ ನನ್ನನ್ನು ಮುಂದೆ ತಳ್ಳಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಈ ಮೇಡಂ ನನ್ನ ಮುಂದೆ ಅಡ್ಡ ನಿಂತು, "ಒಬ್ರ ಕೈಗೆ ಇಷ್ಟೊಂದು ಮಕ್ಕಳನ್ನ ಕೊಟ್ಟೋಳು ನಾನು. ಬೈಯೋದಿದ್ರೆ ನನ್ನನ್ನ ಬೈರಿ" ಎಂದರು. ಆ ಅಪ್ಪನೂ ಮನಸಾರೆ ಬೈದೇ ಹೋದರು ಎನ್ನು! ಮರುದಿನದಿಂದ ಮೇಡಂ ನನ್ನ ಜೊತೆಗೆ ಇನ್ನೊಬ್ಬ ಟೀಚರನ್ನು ಹಾಕಿದರು.

ಭಾವನಿಗೆ ನಮಸ್ಕಾರ ಹೇಳು. ಮಕ್ಕಳ ಕೆನ್ನೆಗೆ ನನ್ನ ಪರವಾಗಿ ಒಂದೊಂದು ಮುತ್ತು ಕೊಡು, ಕಚ್ಚಬೇಡ.

ನಿನ್ನ ತಂಗಿ,
ಚಿಕ್ಕಿ

ಮರೆತೆ ನೋಡು: ಮಕ್ಕಳು ಹೊರಳಾಡುತ್ತಿವೆ, ಬೇಗ ಬೇಗ ಬರೆಯುತ್ತೇನೆ. ನಿನಗೆ ಮಾತು ಕೊಟ್ಟಿದ್ದೆನಲ್ಲ, ಕೆಲಸ ಬಿಡುತ್ತೇನೆಂದು ನಿನ್ನೆ ಮೇಡಂಗೆ ಹೇಳಿಯೇಬಿಟ್ಟೆ. ಅವರ ಮುಖ ಸಣ್ಣದಾಯಿತು, ಆದರೆ ಬೇಡ ಎನ್ನಲಿಲ್ಲ. "ನಿಮ್ಮ ಜಾಗಕ್ಕೆ ಬರೋರು ಬಿಟ್ಟು ಹೋಗದ ಹಾಗೆ ನಾನೇನು ಮಾಡ್ಲಿ, ಹೇಳಿ" ಎಂದರು. ಇದನ್ನು ಇದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ ಅಕ್ಕ. ಮಲಗುವ ಕೋಣೆಗೆ ದಪ್ಪ ಪರದೆ ಬೇಕು ಎಂದೆ, ಹೊಸಬರನ್ನು ಮೊದಲ ದಿನವೇ ಒಂಟಿ ಬಿಡಬಾರದು ಎಂದೆ. ಎಲ್ಲದಕ್ಕೂ ಹೂಂ ಎಂದರು. ಹೇಳುತ್ತ ಹೇಳುತ್ತ, ಆ ಬರಲಿರುವವಳ ಮೇಲೆ ನನಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಗಲ್ಲಾದಲ್ಲಿ ಬೇರೆ ಯಾರನ್ನಾದರೂ ಕೂರಿಸು, ನಾನು ಬರುವುದಿಲ್ಲ.